ಮದುಮಗನ ಕೋಟಿನ ಹೆಗಲು

ಐವತ್ತರ ದಶಕದ ಕೊನೆಯ ವರ್ಷಗಳನ್ನು ನಾನು ಹಾನಗಲ್ಲಿನ ಒಂದು ಹೊಲಿಗೆ ಅಂಗಡಿಯಲ್ಲಿ ಮಷಿನ್ ತುಳಿದು ಕಳೆದೆ. ಬಟ್ಟೆ ಕತ್ತರಿಸುವವನು ಅಲ್ಲಿ ಒಬ್ಬನೇ, ನಾವು ಮಾಸ್ತರ ಎನ್ನುತ್ತಿದ್ದ ಮುದುಕ. ಎಂಥ ಹೊಟ್ಟೆಕಿಚ್ಚಿನ ಮನುಷ್ಯ ಅಂತೀರಿ! ಕತ್ತರಿ ಎತ್ತಿಕೊಂಡನೆಂದರೆ ನನಗೆ ಬೆನ್ನು ತಿರುಗಿಸುತ್ತಿದ್ದ. ಕತ್ತರಿಸಿ ಮುಗಿದದ್ದೇ ತಡ, ಸೀಮೆಸುಣ್ಣದ ಗೆರೆಗಳನ್ನು ಅಂಗೈಯಿಂದ ಒರೆಸಿಬಿಡುತ್ತಿದ್ದ. ಹತ್ತಿರ ಹೋದರೆ, "ನಿನ್ನ ಕೆಲಸ ಕಾಲಾಗ ಐತಿ, ಕಣ್ಣಾಗಲ್ಲ. ಹೋಗ, ತುಳಿ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿಯ ಸಾವ್ಕಾರರು ಶಿಗ್ಗಾಂವಿಯಲ್ಲಿ ಇನ್ನೊಂದು ಅಂಗಡಿ ತೆಗೆಯುವವರಿದ್ದರು. ಮಾಸ್ತರ ಹಿರೇಕೆರೂರಿನ ಮಗಳ ಮನೆಗೆ ಹೋಗಿದ್ದಾಗ ಒಂದು ಮದುವೆ ಕೋಟು ಬಂತು. "ಇದನ್ನ ನೀನ ಕತ್ತರಸು. ಮದುಮಗಗ ಸರಿಯಾಗಿ ಕುಂತರ ಶಿಗ್ಗಾಂವಿಗೆ ನೀನ ಮಾಸ್ತರ" ಎಂದರು ಸಾವ್ಕಾರರು.

ನಾನೇನು ಸುಮ್ಮನೆ ಕುಳಿತವನಲ್ಲ. ಹಿಂದೊಮ್ಮೆ, ಮಾಸ್ತರನೇ ಕತ್ತರಿಸಿದ್ದ ಪೋಸ್ಟ್‌ಮನ್ನನ ಹಳೇ ಕೋಟು ಹೊಸ ಅಸ್ತರ ಹಾಕಲೆಂದು ನನ್ನ ಕೈಗೆ ಬಂದಿತ್ತು. ಹೊಲಿಗೆಯನ್ನೆಲ್ಲ ಬಿಚ್ಚಿ, ಒಂದೊಂದೇ ತುಂಡನ್ನು ಪೇಪರಿನ ಮೇಲಿಟ್ಟು ಗೆರೆ ಎಳೆದುಕೊಂಡಿದ್ದೆ. ಬಲ ಹೆಗಲು ಎಡಕ್ಕಿಂತ ಹೆಚ್ಚು ಇಳಿಜಾರಾಗಿತ್ತು. ಮುದುಕ ಮುಚ್ಚಿಡುವ ಗುಟ್ಟು ಇದೇ ಎಂದು ಹಿಗ್ಗಿದ್ದೆ! ಈಗ ಎದೆ, ಉದ್ದ, ತೋಳನ್ನು ಮದುಮಗನ ಅಳತೆಗೆ ಕತ್ತರಿಸಿದೆ. ಹೆಗಲನ್ನು ಮಾತ್ರ ಆ ಪೇಪರಿನ ಪ್ರಕಾರ.

ಮಾಸ್ತರ ತಿರುಗಿ ಬಂದಾಗ ಕೋಟು ಗೂಟದಲ್ಲಿ ತೂಗುತ್ತಿತ್ತು. ಹೆಗಲ ಮೇಲೆ ಬೆರಳಾಡಿಸಿದ, ನನ್ನ ಮುಖ ನೋಡಿದ, ಎಲೆ-ಅಡಿಕೆ ಹಾಕಿಕೊಂಡು ಕುಳಿತುಬಿಟ್ಟ.

ಮರುದಿನ ಮದುಮಗ ಅಪ್ಪನ ಜೊತೆ ಬಂದು ತೊಟ್ಟುಕೊಂಡ. ಬಲ ಹೆಗಲು ಬಿಗಿದು, ಮುಂಭಾಗವೆಲ್ಲ ವಾರೆಯಾಗಿ ಎಳೆದಿತ್ತು. "ನನ್ನ ಮಗಂದು ಸೊಟ್ಟ ಮೈ ಏನ್ರಿ?" ಎಂದು ಅವನಪ್ಪ ಅಂಗಡಿ ಕಿತ್ತುಹೋಗುವಂತೆ ಕೂಗಾಡಿದ. ಆಗ ಮಾಸ್ತರ ಬಾಯಿಬಿಟ್ಟ. "ಇದು ಪೋಸ್ಟ್‌ಮನ್ ಹೆಗಲರಿ. ಟಪಾಲ ಚೀಲ ಹೊತ್ತ ಹೊತ್ತ ಅವಂದು ಇಳದೈತಿ." ಎಲ್ಲರೂ ಹೋ ಎಂದು ನಕ್ಕರು. ಸಾವ್ಕಾರರು ನನಗೆ ಮಷಿನ್ ಕಡೆ ಕೈ ತೋರಿಸಿದರು. ಶಿಗ್ಗಾಂವಿ ಅಲ್ಲಿಗೆ ಮುಗಿಯಿತು.

ಜನ ಚದುರಿದ ಮೇಲೆ ಮುದುಕನನ್ನು ಹಿಡಿದು ಕೇಳಿದೆ. "ನಿನ್ನೆ ಕೋಟ ನೋಡಿದ್ರಿ. ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು?"

"ನಿನಗ ಕತ್ತರಿ ಕೊಟ್ಟರ ನಾಳೆ ಇಲ್ಲಿಗೂ ನಿನ್ನಂಥ ಹರೇದವನ್ನ ತರ್ತಾರ. ಈ ವಯಸ್ಸಿನ್ಯಾಗ ನನಗ ಮಷಿನ್ ತುಳಿಯಾಕ ಆಗಂಗಿಲ್ಲೋ, ತಮ್ಮಾ."

ಕನಿಕರ ಬಂತೇ? ಸುಳ್ಳು ಯಾಕೆ ಹೇಳಲಿ, ಬರಲಿಲ್ಲ. "ಹಂಗಾರ ಕತ್ತರಿ ತಲಿದಿಂಬಿಗೆ ಇಟ್ಕೊಂಡ ಮಲಕೋರಿ" ಎಂದು ಹೊರಬಿದ್ದು ಸವಣೂರಿನ ಬಸ್ಸು ಹತ್ತಿದೆ.

ಅಲ್ಲಿಯ ಅಂಗಡಿಯ ಮಾಸ್ತರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕತ್ತರಸಾಕ ಬರ್ತೈತೇನು?" ಎಂದು ಕೇಳಿದ.

"ಬರಂಗಿಲ್ರಿ" ಎಂದೆ.

"ಹಂಗಾರ ಕೂಡ್ರು" ಎಂದು ಮಷಿನ್ ತೋರಿಸಿದ.