ನಾನು ತೊಳೆದ ಹವಳದ ಕಲ್ಲುಗಳು

ಜುಬೇದಾ ಭಾಬಿ, ನಿಮ್ಮ ಮೀನುಗಳು ಚಿಪ್ಪು ಕೊಳೆತದ್ದರಿಂದ ಸಾಯಲಿಲ್ಲ. ಅವನ್ನು ಕೊಂದವನು ನಾನು. ತಿಳಿಯದೆ ಕೊಂದೆ — ಅದು ನಿಜ. ಆದರೆ ಆಮೇಲೆ ಹೇಳಿದ ಸುಳ್ಳನ್ನು ತಿಳಿದೇ ಹೇಳಿದೆ. ಈ ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು. ಒಂದರ ಮರೆಯಲ್ಲಿ ಇನ್ನೊಂದು ಅಡಗಿ ಕೂರಬಾರದು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಎರಡೋ ಮೂರೋ ವರ್ಷವಾಗಿತ್ತು. ನಾನು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ನಿಮ್ಮ ಯಜಮಾನರು ಯೂಸುಫ್ ಭಾಯಿ ಗೂಡ್ಸ್ ಗಾಡಿಯ ಗಾರ್ಡ್. ಪ್ರತಿ ಭಾನುವಾರ ನಿಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ನನಗೆ ಒಂದು ಕಪ್ ಚಹಾ ಕಾದಿರುತ್ತಿತ್ತು. ಕೊಂಕಣದ ಸಮುದ್ರದಂಡೆಯಿಂದ ಮದುವೆಯಾಗಿ ಬಂದ ನಿಮಗೆ ನಮ್ಮ ಬಿಸಿಲು ಒಗ್ಗಿತ್ತು, ಧೂಳೂ ಒಗ್ಗಿತ್ತು. ಒಗ್ಗದ್ದು ಒಂದೇ. “ಇಲ್ಲಿ ಕಿವಿ ಖಾಲಿ ಖಾಲಿ ಅದ ರೀ” ಎನ್ನುತ್ತಿದ್ದಿರಿ. ಹಗಲಿರುಳು ರೈಲು ಓಡಾಡುವ ಊರಿನಲ್ಲಿ ಕಿವಿ ಖಾಲಿ ಎಂದರೆ ನಮಗೆ ನಗು ಬರುತ್ತಿತ್ತು. ಯೂಸುಫ್ ಭಾಯಿ ಮಾತ್ರ ನಗಲಿಲ್ಲ.

ಅವರು ನಿಮಗಾಗಿ ಸಮುದ್ರವನ್ನೇ ತರಿಸಿದರು. ಮುಂಬಯಿಯ ಗಾರ್ಡೊಬ್ಬರು ಡಬ್ಬಿಗಳಲ್ಲಿ ಉಪ್ಪುನೀರು ತುಂಬಿ ಗಾಡಿಯ ಕೊನೆಯ ಬ್ರೇಕ್ ವ್ಯಾನಿನಲ್ಲಿ ಇಡುವುದು, ಪುಣೆಯಲ್ಲಿ ಮುಂದಿನ ಗಾರ್ಡಿಗೆ ಒಪ್ಪಿಸುವುದು, ಅವರು ಸೊಲ್ಲಾಪುರದಲ್ಲಿ, ಅಲ್ಲಿಂದ ವಾಡಿಗೆ. ಒಬ್ಬರ ಕೈಯಿಂದ ಒಬ್ಬರಿಗೆ ಬಂದ ಆ ನೀರನ್ನು ಗಾಜಿನ ತೊಟ್ಟಿಗೆ ಸುರಿದ ದಿನ ನೀವು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಿರಿ.

ತೊಟ್ಟಿಯ ತಳದಲ್ಲಿ ಏನು ಹಾಸಬೇಕು ಎಂಬುದರ ಮೇಲೆ ಜಗಳ ಎದ್ದಿತು. ತೂತು ಕೊರೆದ ಹಲಗೆ, ಅದರ ಮೇಲೆ ನಾಲ್ಕು ಬೆರಳು ಕಲ್ಲು. ಪಂಪಿನ ಗಾಳಿ ನೀರನ್ನು ಆ ಕಲ್ಲಿನೊಳಗಿಂದ ಎಳೆದು ಶುದ್ಧ ಮಾಡಬೇಕು. ನಿಮಗೆ ಚಿಪ್ಪೂ ಹವಳವೂ ಬೇಕಿತ್ತು. ನಾನು ಲ್ಯಾಬಿನವನಲ್ಲವೇ — ದೊಡ್ಡ ಗತ್ತಿನಿಂದ ತೀರ್ಪು ಕೊಟ್ಟೆ: “ನಮ್ಮ ಶಹಾಬಾದ ಕಲ್ಲಿನ ಚೂರು ಹಾಕ್ರಿ. ಚಿಪ್ಪಿನಾಗೂ ಸುಣ್ಣನೇ, ಇದರಾಗೂ ಸುಣ್ಣನೇ. ಇದು ಸ್ವಚ್ಛ ಇರ್ತದ.”

“ಶರಣಪ್ಪ ಭಾಯಿ, ಮೀನಿಗಿ ಫರಸಿಕಲ್ಲು ಹಾಸಿ ಮನಿ ಕಟ್ಟಿಸಾಕತ್ತೀರೇನು?” ಎಂದು ನೀವು ನಕ್ಕಿರಿ. ಆಮೇಲೆ ತವರಿನಿಂದ ತಂದಿದ್ದ ಹವಳದ ಕಲ್ಲೊಂದನ್ನು ನನ್ನ ಅಂಗೈಯಲ್ಲಿಟ್ಟಿರಿ. ಹಗುರವಾಗಿತ್ತು. ಮೈತುಂಬ ತೂತು. “ನಿಮ್ಮ ಕಲ್ಲು ಭಾಳ ನುಣ್ಣಗದ. ಅದರ ಮ್ಯಾಲ ಜೀವ ಎಲ್ಲಿ ಹಿಡೀತದ? ನಮ್ಮ ಮಾಮಾ ಮೀನ ಸಾಕ್ಯಾನ, ನಾ ನೋಡೀನಿ.”

ಹವಳವೂ ಚಿಪ್ಪೂ ಗೆದ್ದವು. ನಾನು ಸೋತೆ. ಆ ಸಣ್ಣ ಸೋಲು ನನ್ನೊಳಗೆ ಎಲ್ಲೋ ಉಳಿದುಕೊಂಡಿತ್ತು ಎಂದು ಈಗ ಅನಿಸುತ್ತದೆ.

ಒಂದೂವರೆ ತಿಂಗಳು ಬರಿಯ ನೀರು, ಒಂದೇ ಒಂದು ಪುಟ್ಟ ಮೀನು. ಕಲ್ಲು ತಯಾರಾಗಬೇಕು ಎಂದು ನೀವು ಕಾದಿರಿ. ಆಮೇಲೆ ಇನ್ನೂ ಮೂರು ಬಂದವು. ಹಳದಿ ಮೈ, ಕಪ್ಪು ಪಟ್ಟೆ. ನೀವು ತೊಟ್ಟಿಗೆ ಕಿವಿಕೊಟ್ಟು ಕುಳಿತು ಅಕ್ಕಿ ಆರಿಸುತ್ತಿದ್ದಿರಿ. ಗುಳುಗುಳು ಸದ್ದು. ನಿಮ್ಮ ಕಿವಿ ತುಂಬಿತ್ತು. ಅಂಥ ಭಾನುವಾರಗಳು ನನಗೆ ಮತ್ತೆ ಬರಲಿಲ್ಲ.

ನಿಮ್ಮ ತಂಗಿಯ ನಿಕಾಹ್‌ಗೆ ಹೊರಟಾಗ ಮನೆಯ ಕೀಲಿ ನನಗೆ ಕೊಟ್ಟಿರಿ. ಹೊಸ್ತಿಲು ದಾಟಿದವರು ತಿರುಗಿ ಬಂದು ಹೇಳಿದಿರಿ: “ಹೊಲಸ ಕಂಡ್ರ ಕಾಣ್ಲಿ. ಕಲ್ಲು ತೊಳೀಬ್ಯಾಡ್ರಿ. ತೊಳಿಯೂದಿದ್ರ ತೊಟ್ಟಿ ನೀರಾಗೇ, ಅದೂ ಅರ್ಧ ಅಷ್ಟೇ — ನಾ ಬಂದ ಮ್ಯಾಲ.”

ನಾನು ಕೇಳಿಸಿಕೊಂಡಿದ್ದೆ. ಸರಿಯಾಗಿ ಕೇಳಿಸಿಕೊಂಡಿದ್ದೆ.

ವಾಡಿಯವರಿಗೆ ಒರೆಸುವುದು ಒಂದು ಚಟ. ಬೆಳಗ್ಗೆ ಒರೆಸಿದ ಕುರ್ಚಿಯ ಮೇಲೆ ಮಧ್ಯಾಹ್ನ ಮತ್ತೆ ಸಿಮೆಂಟಿನ ಧೂಳು. ನಾಲ್ಕನೆಯ ದಿನ ಹವಳದ ಮೇಲೆ ಕಂದು ಲೋಳೆ ಕಂಡೆ. ಧೂಳು ಸೇರಿ ರಾಡಿಯಾಗಿದೆ ಎಂದುಕೊಂಡೆ — ಇಲ್ಲ, ಅಷ್ಟೇ ಅಲ್ಲ. ನೀವು ಬರುವಷ್ಟರಲ್ಲಿ ಎಲ್ಲ ಥಳಥಳಿಸಬೇಕು, ಲ್ಯಾಬಿನವನ ಕೈ ಎಂದರೆ ಏನೆಂದು ನೀವು ನೋಡಬೇಕು ಎಂಬ ಆಸೆಯೂ ಇತ್ತು. ಕಲ್ಲನ್ನೆಲ್ಲ ಬಕೆಟ್ಟಿಗೆ ತೆಗೆದೆ. ಬಿಸಿನೀರು ಸುರಿದೆ, ಬ್ಲೀಚಿಂಗ್ ಪೌಡರ್ ಹಾಕಿದೆ, ಉಜ್ಜಿದೆ. ವಾಸನೆ ಹೋಗುವ ತನಕ ಏಳು ಸಲ ಜಾಲಿಸಿದೆ. ತಿರುಗಿ ಹಾಸಿದಾಗ ಹಲ್ಲಿನಂತೆ ಬೆಳ್ಳಗಿದ್ದವು.

ತೊಳೆದ ಮೂರನೆಯ ಬೆಳಿಗ್ಗೆ ನೀರು ಮಸುಕಾಗಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಸಂಜೆಗೆ ಎರಡು, ಮರುದಿನ ಎರಡು. ಪಂಪು ಮಾತ್ರ ಗುಳುಗುಳು ಅನ್ನುತ್ತಲೇ ಇತ್ತು.

ನೀವು ಮರಳಿದಾಗ ಕೈಯಲ್ಲೊಂದು ಬಟ್ಟೆಚೀಲವಿತ್ತು. ತೊಟ್ಟಿಗೆಂದು ತವರಿನ ದಂಡೆಯಲ್ಲಿ ನೀವೇ ಬಗ್ಗಿ ಬಗ್ಗಿ ಆಯ್ದ ಚಿಪ್ಪು, ಹವಳ. ಚೀಲ ಕೆಳಗಿಡದೆ ಖಾಲಿ ನೀರನ್ನೇ ನೋಡಿದಿರಿ. “ಏನಾಯ್ತು ಶರಣಪ್ಪ?” ಎಂದರು ಯೂಸುಫ್ ಭಾಯಿ.

ಕಲ್ಲು ತೊಳೆದೆ ಎಂದು ಆಗ ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ಸತ್ಯವಿತ್ತು — ಬಂದದ್ದು ಬೇರೆ.

“ಚಿಪ್ಪು ಕೊಳೆತಿರಬೇಕು. ಮೀನು ಸತ್ತ ಮ್ಯಾಲ ಕಲ್ಲು ತೊಳದಿಟ್ಟೀನಿ. ಮೊದಲೇ ಹೇಳಿದ್ದಿಲ್ಲೇನು ನಾನು?”

ನೀವು ನನ್ನನ್ನು ಬೈಯಲಿಲ್ಲ. ಸಣ್ಣ ದನಿಯಲ್ಲಿ ಅಂದಿರಿ: “ಹಂಗಾದ್ರ ನಮ್ಮ ಊರಿಂದೇ ತಪ್ಪು.”

ಯೂಸುಫ್ ಭಾಯಿ ಬೇಡ ಎಂದರೂ ನೀವು ತೊಟ್ಟಿಯ ಕಲ್ಲನ್ನೂ ಚೀಲದ ಕಲ್ಲನ್ನೂ ಒಯ್ದು ಹಳಿಯ ಪಕ್ಕದ ಜಲ್ಲಿಯ ಮೇಲೆ ಸುರಿದಿರಿ. ಬಾಗಿಲಲ್ಲಿ ನಿಂತು ನೋಡಿದೆ. ಕರಿ ಜಲ್ಲಿಯ ನಡುವೆ ಆ ಬಿಳಿ ತುಂಡುಗಳು ಕೆಲವು ವಾರ ಕಾಣುತ್ತಿದ್ದವು. ಆಮೇಲೆ ಧೂಳು ಕೂತು ಎಲ್ಲವೂ ಬೆಳ್ಳಗಾಯಿತು. ಯಾವುದು ಹವಳ, ಯಾವುದು ಜಲ್ಲಿ, ತಿಳಿಯದಾಯಿತು. ಕಿವಿ ಖಾಲಿ ಎಂಬ ಮಾತನ್ನು ನೀವು ಮತ್ತೆ ಆಡಲಿಲ್ಲ. ಆ ಮೌನ ನನಗೆ ಅನುಕೂಲವಾಗಿತ್ತು ಎಂಬುದನ್ನೂ ಬರೆಯಬೇಕು.

ಏಳೆಂಟು ವರ್ಷದ ಮೇಲೆ ಹೈದರಾಬಾದಿನಲ್ಲಿ ಮೀನು ಮಾರುವವನೊಬ್ಬನನ್ನು ಕೇಳಿದೆ. ಯಾರೋ ಮಾಡಿದ ಕೆಲಸ ಎಂಬಂತೆ ಕೇಳಿದೆ — ಅಲ್ಲಿಯೂ ಸುಳ್ಳೇ. ಅವನು ಹೇಳಿದ: ಆ ಕಂದು ಲೋಳೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನಿನ ಹೊಲಸಿನ ವಿಷವನ್ನು ಅವೇ ಅರಗಿಸುತ್ತವೆ, ತೂತಿನ ಕಲ್ಲಿನಲ್ಲಿ ಅವಕ್ಕೆ ಮನೆ ಹೆಚ್ಚು. ತೊಳೆದವನು ಅವನ್ನು ಕೊಂದ. ಆಮೇಲೆ ವಿಷ ಏರಿ ಮೀನು ಸತ್ತವು. ನೀವು ‘ಜೀವ’ ಎಂದದ್ದು ಅದನ್ನೇ.

ಯೂಸುಫ್ ಭಾಯಿಗೆ ಹೇಳುವ ಅವಕಾಶ ಈಗ ಇಲ್ಲ. ಅವರ ಮಣ್ಣಿಗೆ ಬಂದಿದ್ದೆ. ಅಂದೂ ಬಾಯಿ ಬಿಡಲಿಲ್ಲ. ನೀವು ಶಹಾಬಾದದಲ್ಲಿ ಮಗಳ ಮನೆಯಲ್ಲಿದ್ದೀರಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಈ ಭಾನುವಾರ ಬೆಳಗಿನ ಗಾಡಿಗೆ ನಾನೇ ಬರುತ್ತೇನೆ, ಎದುರಿಗೆ ಕುಳಿತು ಓದುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ಓದುತ್ತೇನೆ.

ತಪ್ಪು ನಿಮ್ಮ ಊರಿನದಲ್ಲ, ಭಾಬಿ.