ನೀರಿನ ಬಟ್ಟಲಿನ ಜಾಗ

ನಮ್ಮ ಅತ್ತೆಗೆ ತರಕಾರಿ ತಿನ್ನಿಸುವುದೆಂದರೆ ನನಗೆ ಸಾಕುಸಾಕಾಗಿ ಹೋಗುತ್ತಿತ್ತು. ಬೆಳಿಗ್ಗೆ ಜೋಳದ ರೊಟ್ಟಿ, ಕೆಂಪು ಖಾರ, ಒಂದಿಷ್ಟು ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ರಾತ್ರಿಗೂ ಅದೇ. ಪಲ್ಯ ಬಡಿಸಿದರೆ ತಟ್ಟೆಯ ಅಂಚಿಗೆ ಸರಿಸಿ, "ಇದನ್ನ ಎಮ್ಮಿಗೆ ಹಾಕು" ಅನ್ನುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆಗಿದ್ದವು. ಶಹಾಪುರದ ಡಾಕ್ಟರು ಪ್ರತಿ ಸಲ ಅವರನ್ನು ಬಿಟ್ಟು ನನ್ನನ್ನೇ ಗದರುತ್ತಿದ್ದರು. "ಏನ್ರಿ ಟೀಚರ್, ಕಾಯಿಪಲ್ಲೆ ತಿನ್ನಿಸ್ರಿ ಅಂತ ಎಷ್ಟು ಸಲ ಹೇಳಬೇಕ್ರಿ?" ನನಗೂ ರೋಷ ಹತ್ತಿತು. ಗೋಧಿ ಹಿಟ್ಟಿನೊಳಗೆ ತರಕಾರಿ ಅಡಗಿಸಿ ಪರಾಠಾ ಮಾಡಿಬಿಟ್ಟರೆ ಅದ್ಹೇಗೆ ಸರಿಸುತ್ತಾರೋ ನೋಡೇಬಿಡೋಣ ಎಂದುಕೊಂಡೆ.

ಆದರೆ ಒಲೆಯ ಮುಂದಿನ ಜಾಗ ನಮ್ಮ ಮನೆಯಲ್ಲಿ ಅವರದು. ಕುಳಿತು ರೊಟ್ಟಿ ಬಡಿಯಬೇಕೆಂದು ಗ್ಯಾಸನ್ನೂ ನೆಲದ ಮೇಲೆಯೇ ಇಡಿಸಿದ್ದರು. ಬಲಕ್ಕೆ ಹಿಟ್ಟಿನ ಡಬ್ಬಿ, ಎಡಕ್ಕೆ ನೀರಿನ ಬಟ್ಟಲು, ಮೊಣಕಾಲಿನ ಹತ್ತಿರ ಒದ್ದೆ ಅರಿವೆ. ಡಬ್ಬಿ ಒಂದು ಗೇಣು ಆಚೆ ಸರಿದರೂ ರಂಪ. "ಯಾರ ಮುಟ್ಟೀರಿ ಇದನ್ನ?" ನಾನು ಇದಕ್ಕೆ ಅತ್ತೆಯ ದರ್ಬಾರು ಎಂದು ಹೆಸರಿಟ್ಟಿದ್ದೆ. ರೊಟ್ಟಿಯಂತೂ ಚಂದ್ರನ ಹಾಗೆ ದುಂಡಗೆ ಬರುತ್ತಿತ್ತು. ಬಡಿಯುವಾಗ ಅವರು ರೊಟ್ಟಿ ಕಡೆ ನೋಡುತ್ತಲೇ ಇರಲಿಲ್ಲ, ಬಾಗಿಲ ಕಡೆ ಮುಖ ಮಾಡಿ ಮಾತಾಡುತ್ತಿದ್ದರು. ತವರಿಗೆ ಹೋದಾಗ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ಬರುತ್ತಿದ್ದೆ.

ನನಗೆ ಸಿಟ್ಟು ಬರುತ್ತಿದ್ದುದು ಇನ್ನೊಂದಕ್ಕೆ. ಸಗರದಿಂದ ಬಂದವರಿರಲಿ, ಸುರಪುರದಿಂದ ಬಂದವರಿರಲಿ, ನನ್ನ ಎಳೆಯ ಮಗಳನ್ನು ಅವರ ಮುಂದೆ ಹಿಡಿದು, "ಕೂಸು ಯಾರಂಗ ಅದ, ಹೇಳ್ರಿ" ಎಂದು ಕೇಳುವುದು. ಬಂದವರೋ ಬಾಯಿ ತುಂಬ ಅತ್ತೆಯ ಕಡೆಯವರನ್ನೇ ಹೊಗಳುವುದು. ಹೆತ್ತವಳು ನಾನು, ಮೂಗು ಮಾತ್ರ ಅವರ ವಂಶದ್ದು! ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ಆ ಭಾನುವಾರ ಗಜ್ಜರಿ, ಮೂಲಂಗಿ ತುರಿದೆ. ಮೂಲಂಗಿಗೆ ಉಪ್ಪು ಹಾಕಿ ಗಟ್ಟಿಯಾಗಿ ಹಿಂಡದಿದ್ದರೆ ಹಿಟ್ಟು ಹರಿಯುತ್ತದೆ ಎಂದು ಪಕ್ಕದ ಮನೆಯ ಖಾಲಾ ಹೇಳಿಕೊಟ್ಟಿದ್ದರು. ಮೆಂತೆ ಸೊಪ್ಪು, ಕೊತ್ತಂಬರಿ, ಅಜವಾನ, ಹಸಿಮೆಣಸಿನಕಾಯಿ ಸೇರಿಸಿ ಹೂರಣ ಕಲಸಿಟ್ಟೆ. ಅತ್ತೆ ಜಾಗ ಬಿಡಲಿಲ್ಲ. "ನೀ ತುಂಬಿ ಲಟ್ಟಿಸಿ ಕೊಡು, ಬೇಯಿಸೂದು ನಂದು. ಹೋಳಿಗಿ ಮಾಡಿದ ಕೈ ಇದು." ಆಗಲಿ ಎಂದೆ. ಪರಾಠಾಕ್ಕೆ ನೀರೇಕೆ ಎಂದು ನೀರಿನ ಬಟ್ಟಲನ್ನು ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ಎಣ್ಣೆಯ ಬಟ್ಟಲನ್ನು ಇಟ್ಟೆ.

ಮೊದಲನೆಯದನ್ನು ಅವರು ಎಣ್ಣೆ ಹಾಕದೆ ಹಾಗೇ ಬೇಯಿಸಿ ತಟ್ಟೆಗೆ ಹಾಕಿ, "ಹೆಂಗ ಕೆಂಪಗ ಬೆಂದಾದ ನೋಡು!" ಎಂದರು. ನೋಡಿದರೆ ಮಸಿ, ಹಂಚಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಬೇಕೆಂದೇ ಸುಟ್ಟಿದ್ದಾರೆ, ನನ್ನ ತರಕಾರಿ ಉಪದೇಶಕ್ಕೆ ಇದು ಉತ್ತರ ಎಂದುಕೊಂಡೆ. ಹಲ್ಲು ಕಚ್ಚಿಕೊಂಡು ಎರಡನೆಯದನ್ನು ಲಟ್ಟಿಸಿ ಕೊಟ್ಟೆ.

ಅದನ್ನು ಹಂಚಿಗೆ ಹಾಕಿ ಅವರು ಎಡಕ್ಕೆ ಕೈ ಚಾಚಿದರು. ಜೋಳದ ರೊಟ್ಟಿಯ ಮೈಗೆ ನೀರು ಬಳಿಯುವ ಹಾಗೆಯೇ ಬಟ್ಟಲಿನಲ್ಲಿ ಕೈ ಅದ್ದಿ ಧಾರಾಳವಾಗಿ ಚಿಮುಕಿಸಿದರು. ಎಣ್ಣೆ ಎಂದು ಬೆರಳಿಗೆ ತಿಳಿಯುವಷ್ಟರಲ್ಲಿ ಕೈ ತನ್ನ ರೂಢಿಯ ಕೆಲಸ ಮುಗಿಸಿಬಿಟ್ಟಿತ್ತು. ಹಂಚಿನ ಅಂಚಿನಿಂದ ಎಣ್ಣೆ ಉರಿಗೆ ಬಿದ್ದು ಭಗ್ಗೆಂದು ಜ್ವಾಲೆ ಎದ್ದಿತು. ನಾನು ಚೀರಿದೆ.

ಅವರ ಮುಖದ ಎದುರಿಗೇ ಬೆಂಕಿ. ಆದರೆ ಅವರ ಕಣ್ಣು ಮಿಟುಕಲಿಲ್ಲ.

ಬಿಸಿ ತಾಗಿದ ಮೇಲಷ್ಟೇ ಹಿಂದಕ್ಕೆ ಸರಿದರು. ನಾನು ಗ್ಯಾಸ್ ಆರಿಸಿದೆ. ಮಾತಾಡದೆ ಲಟ್ಟಣಿಗೆಯನ್ನು ಅವರ ಮುಖದ ಮುಂದೆ ಹಿಡಿದೆ. ಅವರು ನನ್ನ ಉಸಿರು ಬರುವ ಕಡೆಗೆ ತಿರುಗಿ, "ಯಾಕ ಸುಮ್ಮ ಕುಂತಿ?" ಎಂದರು.

"ಯವ್ವಾ, ನನ್ನ ಕೈಯಾಗ ಏನದ ಹೇಳ್ರಿ."

ಅವರು ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ಒಂದು ಕಣ್ಣು ಹೋಗಿ ಭಾಳ ದಿನಾ ಆತು. ಇನ್ನೊಂದಕ್ಕ ಹಗಲು ರಾತ್ರಿ ಅಷ್ಟ ಗೊತ್ತಾಗತದ, ಮಂದಿ ಗೊತ್ತಾಗಂಗಿಲ್ಲ" ಎಂದರು.

"ಯಾಕ ಹೇಳಲಿಲ್ರಿ?"

"ಹೇಳಿದ್ರ ನೀವು ನನ್ನ ಇಲ್ಲಿಂದ ಎಬ್ಬಸ್ತಿದ್ರಿ. ಇಲ್ಲಿಂದ ಎದ್ದ ಮ್ಯಾಲ ಈ ಮನ್ಯಾಗ ನಾ ಎಲ್ಲಿ ಕುಂಡರಲಿ?"

ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಂಡುಕೊಂಡು ಇದ್ದೆವು. ರೊಟ್ಟಿ ದುಂಡಗಿದೆ ಎಂದರೆ ಕಣ್ಣು ನೆಟ್ಟಗಿದೆ ಎಂದೇ ಮನೆಮಂದಿಯೆಲ್ಲ ನಂಬಿಕೊಂಡಿದ್ದೆವು.

ಮರುದಿನ ಯಾದಗಿರಿಗೆ ಕರೆದುಕೊಂಡು ಹೋದೆವು. ಸಕ್ಕರೆ ಕಾಯಿಲೆಯೇ ಕಣ್ಣಿನ ಹಿಂಭಾಗವನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಉಳಿದಷ್ಟನ್ನು ಕಾಯಬಹುದು ಎಂದರು ಕಣ್ಣಿನ ಡಾಕ್ಟರು. ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ ನನ್ನ ಗಂಡ ಮೆಲ್ಲಗೆ, "ಇನ್ನ ಒಲಿ ಮುಂದ ಹೋಗಬ್ಯಾಡವ್ವ" ಎಂದರು.

ಅದರ ಮಾರನೆಯ ಮುಂಜಾನೆ ಅಡುಗೆಮನೆಗೆ ಅತ್ತೆ ಬರಲಿಲ್ಲ. ಪರಾಠಾದ ಹಿಟ್ಟು ನಾದುತ್ತ ಒಬ್ಬಳೇ ಕುಳಿತಿದ್ದೆ. ಹೊಸ್ತಿಲ ಬಳಿ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಗಲ್ಲ ಸವರುತ್ತಿದ್ದರು. ಮೊಸರು ಮಾರುವ ಗೋಗಿಯ ಹೆಂಗಸು ಬುಟ್ಟಿ ಇಳಿಸಿದ ಸದ್ದಾಯಿತು. ಅತ್ತೆ ಕೇಳಿದರು: "ಕೂಸು ಯಾರಂಗ ಅದ, ಹೇಳಬೇ."

ನನ್ನ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಅಯ್ಯೋ ದೇವರೇ! ಇದು ವಂಶದ ಜಂಬವಲ್ಲ. ಈ ಮುದುಕಿ ನನ್ನ ಮಗಳ ಮುಖವನ್ನು ಒಮ್ಮೆಯೂ ಕಂಡಿಲ್ಲ. ಬಂದವರ ಬಾಯಿಂದ ಚೂರು ಚೂರು ಕೇಳಿ ಕೂಡಿಸಿಕೊಳ್ಳುತ್ತಿದ್ದಾಳೆ.

ಎದ್ದು ನೀರಿನ ಬಟ್ಟಲನ್ನು ಎಡಕ್ಕೆ, ಜೋಳದ ಹಿಟ್ಟಿನ ಡಬ್ಬಿಯನ್ನು ಬಲಕ್ಕೆ ಇಟ್ಟೆ. ಎಣ್ಣೆಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡೆ. ಮಗುವನ್ನು ಗಂಡನ ಕೈಗೆ ಕೊಟ್ಟು, ಅತ್ತೆಯ ರಟ್ಟೆ ಹಿಡಿದೆ. "ಬರ್ರಿ ಯವ್ವಾ. ಬೆಂಕಿ ನಾ ನೋಡ್ಕೋತೀನಿ, ರೊಟ್ಟಿ ನೀವು ಬಡೀರಿ."

ಅವರು ಬಂದು ಕುಳಿತರು. ಅವರು ಕೇಳುವ ಮೊದಲೇ ಹೇಳಿದೆ. "ಕೂಸಿನ ಮೂಗು ನಿಮ್ದೇ ಅದ್ರಿ. ಗಲ್ಲದಾಗಿನ ಗುಳಿನೂ ನಿಮ್ದು."

"ಕಣ್ಣು?"

"ಕಣ್ಣು ನನ್ನವು."

"ಛಲೋ ಆತು ಬಿಡು," ಎಂದರು ಅತ್ತೆ. "ನನ್ನವು ಬ್ಯಾಡ." ಮತ್ತೆ ಎಡಕ್ಕೆ ಕೈ ಚಾಚಿ ನೀರು ತೆಗೆದುಕೊಂಡರು.