ಬರ್ಮಾ ಶೆಟ್ಟರು
ನಾರ್ತ್‌ರಿಜ್‌ನ ಮಂಜಯ್ಯ ಶೆಟ್ಟರು ಬೂಟಿಗೆ ಪಾಲಿಶ್ ಹಾಕದೆ ಬೆಳಗಿನ ಕಾಫಿ ಮುಟ್ಟುವವರಲ್ಲ. ಮಹಾಯುದ್ಧದಲ್ಲಿ ಬರ್ಮಾದ ಕಾಡಿನೊಳಗೆ ಲಾರಿ ಓಡಿಸಿದವರು. ತಿಂಡಿಗೆ ಕರೆದರೆ ನಮ್ಮ ಮನೆಯ ತಟ್ಟೆಯೇ ರಣರಂಗ. "ಈ ಸಾಂಬಾರು ಐರಾವತಿ ನದಿ, ಮಾರಾಯ್ತಿ. ಆಚೆ ವಡೆ ಉಂಟಲ್ಲ, ಅದು ಜಪಾನಿನವರ ಠಾಣೆ" ಎನ್ನುತ್ತಲೇ ಠಾಣೆಯನ್ನು ನುಂಗುತ್ತಾರೆ. ವರ್ಷ ಕಳೆದಂತೆ ನದಿ ಅಗಲವಾಗಿದೆ, ಠಾಣೆಗಳೂ ಹೆಚ್ಚಿವೆ. ಇಷ್ಟಾದರೂ ಯಾರೂ ಒಂದು ಹಾರ ಹಾಕಲಿಲ್ಲವೆಂಬ ಕೊರಗು ಮಾತ್ರ ಅವರಿಗಿದೆ. ಯುದ್ಧ ಮುಗಿದು ಐವತ್ತು ವರ್ಷವಾದಾಗ ಸ್ಯಾನ್ ಡಿಯಾಗೋದಲ್ಲಿ ಹಳೆಯ ಸೈನಿಕರಿಗೆ ಸನ್ಮಾನವಿತ್ತು. "ಅಂಕಲ್, ಬನ್ನಿ, ನಾನೇ ಡ್ರೈವ್ ಮಾಡ್ತೀನಿ" ಎಂದರು ನನ್ನ ಯಜಮಾನರು. ಶೆಟ್ಟರ ಮುಖ ಅರಳಿತು. ಆಮೇಲೆ ಪಕ್ಕದ ಮನೆಯ ಜಪಾನಿ ಮುದುಕರ ನೆನಪಾಯಿತು. ಆ ಮುದುಕರ ತಮ್ಮ ಅದೇ ಯುದ್ಧದಲ್ಲಿ ಸತ್ತದ್ದೂ ಬರ್ಮಾದಲ್ಲೇ. "ಬೇಡ ಮಾರಾಯರೇ. ಅವತ್ತು ಪಕ್ಕದ ಮನೆಯವರು ಸತ್ತ ತಮ್ಮನ ನೆನಪಿಗೆ ದೀಪ ಹಚ್ಚುವ ದಿನ. ಒಬ್ಬರೇ ಹೇಗೆ ಹಚ್ಚುವುದು? ನಾನು ಬೇಕಲ್ಲ."